ಕಟಕಟೆಯತನಕ ಜೊತೆಗೊಬ್ಬರು

ಇಳಕಲ್ಲಿನ ಚಿತ್ತರಗಿ ಮಠದ ಮಹಾಂತ ಶ್ರೀಗಳು 1975ರಲ್ಲಿ ಜೋಳಿಗೆ ಹಿಡಿದು ಬೇಡಿದ್ದು ದುಡ್ಡನ್ನಲ್ಲ, ದವಸವನ್ನಲ್ಲ. ಜನರ ಕುಡಿತ, ತಂಬಾಕಿನಂಥ ಚಟಗಳನ್ನು. ಮಹಾಂತ ಜೋಳಿಗೆ ಎಷ್ಟೋ ಮನೆಗಳನ್ನು ಉಳಿಸಿತು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಆದರೆ ಚಟವನ್ನು ಜೋಳಿಗೆಗೆ ಹಾಕದ ಗಂಡನ ಕೈಯಲ್ಲಿ ಪೆಟ್ಟು ತಿಂದವಳಿಗೆ ಯಾರು ದಿಕ್ಕು? ಠಾಣೆ, ದವಾಖಾನೆ, ಕೋರ್ಟಿಗೆ ಅವಳ ಕೂಡ ಹೋಗುವವರು ಯಾರು? ಅದಕ್ಕೆಂದೇ ದುಡಿಯುವವರು ನಮ್ಮಲ್ಲಿದ್ದಾರೆ. ಅವರ ಪರಿಚಯವೇ ನಮಗೆ ಸಾಕಷ್ಟಿಲ್ಲ.

ಕ್ರಿಮಿನಲ್ ಕೇಸಿನಲ್ಲಿ ಆರೋಪಿಗೆ ವಕೀಲರಿರುತ್ತಾರೆ, ಸರ್ಕಾರಕ್ಕೆ ಸರ್ಕಾರಿ ಅಭಿಯೋಜಕರಿರುತ್ತಾರೆ. ನೊಂದವಳು ಬರೀ ಸಾಕ್ಷಿ. ಸಮನ್ಸ್ ಬಂದಾಗ ಬರಬೇಕು, ಕೇಳಿದ್ದಕ್ಕೆ ಹೇಳಬೇಕು, ಹೋಗಬೇಕು. 1970ರ ದಶಕದಲ್ಲಿ ಅಮೆರಿಕ, ಇಂಗ್ಲೆಂಡಿನಲ್ಲಿ ಈ ಕೊರತೆ ತುಂಬಲು ಸಂಸ್ಥೆಗಳು ಹುಟ್ಟಿದವು. 1985ರಲ್ಲಿ ವಿಶ್ವಸಂಸ್ಥೆ ಅಪರಾಧಕ್ಕೆ ತುತ್ತಾದವರ ಹಕ್ಕುಗಳನ್ನು ಸಾರಿತು. ನಮ್ಮ ಆಗಿನ ದಂಡ ಪ್ರಕ್ರಿಯಾ ಸಂಹಿತೆಗೆ ‘ಸಂತ್ರಸ್ತ’ರ ವ್ಯಾಖ್ಯೆ ಬಂದದ್ದು 2008ರ ತಿದ್ದುಪಡಿಯಲ್ಲಿ. ಅಷ್ಟು ತಡ.

ಕರ್ನಾಟಕ ಮಾತ್ರ ಅದಕ್ಕೂ ಮೊದಲೇ, 2000–01ರಲ್ಲಿ, ಸಾಂತ್ವನ ಯೋಜನೆ ತಂದಿತ್ತು. ಸ್ವಯಂಸೇವಾ ಸಂಸ್ಥೆಗಳು ನಡೆಸುವ ಸಾಂತ್ವನ ಕೇಂದ್ರದಲ್ಲಿ ಆಪ್ತ ಸಮಾಲೋಚಕಿ, ಸಮಾಜ ಕಾರ್ಯಕರ್ತೆಯರು ಇರುತ್ತಾರೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ನಮ್ಮ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. 2015ರಿಂದೀಚೆಗೆ ಜಿಲ್ಲಾ ಮಟ್ಟದಲ್ಲಿ ‘ಸಖಿ’ ಕೇಂದ್ರಗಳು ಬಂದಿವೆ. ಕಾನೂನು ಸೇವಾ ಸಮಿತಿಯ ಅರೆಕಾಲಿಕ ಕಾನೂನು ಸ್ವಯಂಸೇವಕರು ಬೇರೆ.

ಇವರ ಕೆಲಸ ತಿಳಿಯಬೇಕೆಂದರೆ ಕೌಟುಂಬಿಕ ಘಟನಾ ವರದಿಯ ನಮೂನೆ ತುಂಬುವುದನ್ನು ನೋಡಬೇಕು. ಹಿಂಸೆ ನಡೆದ ತಾರೀಖು, ವೇಳೆ, ಜಾಗ ಬರೆಯಬೇಕು. ನೇಕಾರರ ಓಣಿಯ ಹೆಣ್ಣುಮಗಳ ನೆನಪು ತಾರೀಖಿನ ಲೆಕ್ಕದಲ್ಲಿ ಇರುವುದಿಲ್ಲ. “ಬನಶಂಕರಿ ಜಾತ್ರಿ ಮುಂದ ಹೊಡದಿದ್ದ ನೋಡ್ರಿ ಅಕ್ಕಾರ” ಎಂದರೆ ಬನದ ಹುಣ್ಣಿಮೆ ಯಾವಾಗ ಬಿತ್ತೆಂದು ಪಂಚಾಂಗ ತೆಗೆಯಬೇಕು. “ಜಾತ್ರಿಗೆ ಎಷ್ಟು ದಿನ ಇತ್ತವ್ವಾ? ಅವತ್ತ ಸಂತಿ ಇತ್ತೇನು?” ಎಂದು ಕೇಳುತ್ತಾ ಕೇಳುತ್ತಾ ದಿನ ಹಿಡಿಯಬೇಕು. ದಿನ ತಪ್ಪಿದರೆ ಪಾಟೀಸವಾಲಿನಲ್ಲಿ ಅವಳನ್ನೇ ಸುಳ್ಳಿ ಎನ್ನುತ್ತಾರೆ. ಅದೇ ನಮೂನೆಯಲ್ಲಿ ಆರ್ಥಿಕ ಹಿಂಸೆಗೂ ಜಾಗವಿದೆ. ಕಂಡಿಕೆ ಸುತ್ತಿ ತಂದ ಕೂಲಿಯನ್ನು ಗಂಡ ಕಸಿದುಕೊಂಡರೆ, ತವರಿನ ಬಂಗಾರ ಒತ್ತೆ ಇಟ್ಟರೆ ಅದೂ ಹಿಂಸೆಯೇ. ಇದನ್ನು ಅವಳಾಗಿ ಹೇಳುವುದಿಲ್ಲ, ಅದು ಸಂಸಾರದ ಪಾಡು ಅಂದುಕೊಂಡಿರುತ್ತಾಳೆ. ಕೇಳಿ ತೆಗೆಯುವುದೇ ಕಸುಬು. ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲೇ ಇರುವ ಹಕ್ಕು ಅವಳಿಗಿದೆ ಎಂಬುದನ್ನೂ ಅವರೇ ತಿಳಿಸಬೇಕು.

ಮಕ್ಕಳ ಕೇಸಾದರೆ ಹೊಣೆ ಇನ್ನೂ ಭಾರ. ಪೋಕ್ಸೊ ಪ್ರಕರಣ ದಾಖಲಾದ 24 ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ತನಿಖೆ, ವಿಚಾರಣೆಯುದ್ದಕ್ಕೂ ಮಗುವಿನ ಜೊತೆ ಇರಲು ಸಮಿತಿ ಬೆಂಬಲ ವ್ಯಕ್ತಿಯನ್ನು ನೇಮಿಸಬಹುದು. ಇಳಕಲ್ಲಿನ ಮಗುವೊಂದು ಸಾಕ್ಷಿ ಹೇಳಲು ಬಾಗಲಕೋಟೆಗೆ ಹೋಗುವುದೆಂದರೆ ಹುನಗುಂದ, ಅಮೀನಗಡ ದಾಟಿ 60 ಕಿಲೋಮೀಟರು ಚಿಲ್ಲರೆ ದಾರಿ. ಅವ್ವನ ಒಂದು ದಿನದ ಕೂಲಿ ಖೋತಾ. ಹೋದಾಗ ಕೇಸು ಮುಂದಕ್ಕೆ ಹೋಯಿತೆಂದರೆ ಮತ್ತೊಂದು ದಿನ. ಹಿಂದಿನ ದಿನವೇ ಫೋನು ಮಾಡಿ ವಿಚಾರಣೆ ಇದೆಯೋ ಇಲ್ಲವೋ ತಿಳಿದುಕೊಳ್ಳುವುದು, ಆರೋಪಿ ಎದುರಾಗದಂತೆ ಮಗುವನ್ನು ಕೂರಿಸುವುದು, ಹಸಿವಾದರೆ ಏನಾದರೂ ತಿನ್ನಿಸುವುದು: ಇಂಥ ಸಣ್ಣ ಕೆಲಸಗಳಿಂದಲೇ ಸಾಕ್ಷಿ ನಿಲ್ಲುತ್ತದೆ. ಹೀಗೆ ಹೇಳು ಎಂದು ಕಲಿಸುವಂತಿಲ್ಲ. ಹೆದರಬೇಡ ಎನ್ನಬಹುದು, ಅಷ್ಟೇ.

ಪರಿಹಾರದ ವಿಷಯವಂತೂ ಬಹಳ ಮಂದಿಗೆ ಗೊತ್ತೇ ಇಲ್ಲ. ಆರೋಪಿ ಪತ್ತೆಯಾಗದಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಯೋಜನೆಯಲ್ಲಿ ಅತ್ಯಾಚಾರಕ್ಕೆ ಒಳಗಾದವರಿಗೆ 4ರಿಂದ 7 ಲಕ್ಷ ರೂಪಾಯಿ ಪರಿಹಾರವಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ಪೊಲೀಸರೇ ತಿಳಿಸಬೇಕು. ಆ ಮಾಹಿತಿ ಬರದಿದ್ದರೆ ಠಾಣೆಗೆ ಹೋಗಿ ಕೇಳುವ ಧೈರ್ಯ ಒಂಟಿ ಹೆಣ್ಣುಮಗಳಿಗೆ ಎಲ್ಲಿಂದ ಬರಬೇಕು? ಜೊತೆಗೊಬ್ಬರು ಇರಬೇಕೆನ್ನುವುದು ಅದಕ್ಕೇ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಕಲಿಸುತ್ತಾರೆ. ಸಮಾಜಕಾರ್ಯದ ಸ್ನಾತಕೋತ್ತರ ಪದವಿಯೂ ಈ ದಾರಿಗೆ ಒಯ್ಯುತ್ತದೆ. ಅಪರಾಧಶಾಸ್ತ್ರ ಓದಿದವರಿಗೆ ಪಿಎಸ್‌ಐ ಪರೀಕ್ಷೆ, ವಿಧಿವಿಜ್ಞಾನ ಪ್ರಯೋಗಾಲಯಗಳು ಎದುರಿಗೇ ಕಾಣುತ್ತವೆ. ಈ ಕೆಲಸವೂ ಅಷ್ಟೇ ಗೌರವದ್ದೆಂದು ಯಾರಾದರೂ ಅವರಿಗೆ ಹೇಳಬೇಕು. ಬರೀ ಹೇಳಿದರೆ ಸಾಲದು, ಸಂಬಳವನ್ನೂ ಕೊಡಬೇಕು. ರಾತ್ರಿ ಎರಡಕ್ಕೆ ಬಾಗಿಲು ಬಡಿದವಳನ್ನು ಒಳಗೆ ಕರೆದುಕೊಳ್ಳುವ ಕಾರ್ಯಕರ್ತೆಯನ್ನು ಗೌರವಧನದ ಮೇಲೆ ದುಡಿಸುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ಕಾಯಂ ಹುದ್ದೆ, ತರಬೇತಿ, ಓಡಾಟದ ಖರ್ಚು ಇವು ದಯೆಯ ಮಾತಲ್ಲ, ನ್ಯಾಯದಾನಕ್ಕೆ ತಗಲುವ ವೆಚ್ಚ.

ಸದ್ಯ ಸಹಾಯ ಬೇಕಾದವರು ಮಹಿಳಾ ಸಹಾಯವಾಣಿ 181ಕ್ಕೆ, ಮಕ್ಕಳಿಗಾಗಿ 1098ಕ್ಕೆ, ತುರ್ತಿದ್ದರೆ 112ಕ್ಕೆ, ಉಚಿತ ವಕೀಲರಿಗಾಗಿ 15100ಕ್ಕೆ ಕರೆ ಮಾಡಬಹುದು. ಉಚಿತ ಕಾನೂನು ನೆರವಿಗೆ ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಆದಾಯದ ಮಿತಿ ಇಲ್ಲ.