ರೂಟರಿನ ಪೋರ್ಟು: ಎಷ್ಟು ವೇಗದ್ದು ಬೇಕು?



ಫೈಬರ್ ಸಂಪರ್ಕ ಈಗ ನಮ್ಮಲ್ಲಿ ಅನೇಕರ ತೋಟದ ಮನೆಗೂ ಬಂದಿದೆ. ಅದರ ಬೆನ್ನಿಗೇ "200ರ ಪ್ಲಾನಿಗೆ ದುಡ್ಡು ಕಟ್ಟಿದರೂ ಸಿಗುವುದು 94 ಮಾತ್ರ" ಎಂಬ ದೂರು ಕೇಳಿಬರುವುದುಂಟು. ಕಂಪನಿಯವರನ್ನು ದೂರುವ ಮೊದಲು ರೂಟರಿನ ಹಿಂಬದಿಯನ್ನು ನೋಡುವುದು ಲೇಸು.

ಅಲ್ಲಿ ತಂತಿ ಸಿಕ್ಕಿಸುವ ಕಿಂಡಿಗಳಿರುತ್ತವೆ. ಇವೇ ಈಥರ್ನೆಟ್ ಪೋರ್ಟುಗಳು. ಮನೆಬಳಕೆಯ ರೂಟರುಗಳಲ್ಲಿ ಮುಖ್ಯವಾಗಿ ಮೂರು ಬಗೆ: 1995ರಲ್ಲಿ ಮಾನಕವಾದ, ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸುವುದು, 1999ರಲ್ಲಿ ತಾಮ್ರದ ತಂತಿಗೆ ಬಂದ 1000 ಮೆಗಾಬಿಟ್ಟಿನದು, ಅಂದರೆ ಗಿಗಾಬಿಟ್, 2016ರಲ್ಲಿ ಬಂದ 2500 ಮೆಗಾಬಿಟ್ಟಿನದು.

ಮೂಟೆಯ ತೂಕದಲ್ಲಿ ಗೋಣಿಯ ತೂಕ ಕಳೆಯುವಂತೆ, 100ರ ಪೋರ್ಟಿನಲ್ಲಿ ವಿಳಾಸ ಮುಂತಾದ ಕಟ್ಟುಪಾಡಿನ ಭಾಗ ಕಳೆದು ನಮಗೆ ದಕ್ಕುವುದು ಸುಮಾರು 94 ಅಷ್ಟೆ. ಹೊರಗಿನಿಂದ ಸಂಪರ್ಕ ಬರುವ 'ವ್ಯಾನ್' ಪೋರ್ಟು 100ರದ್ದಾದರೆ ವೈಫೈಗೂ ಅದೇ ಮಿತಿ. ಮೂರು ಇಂಚಿನ ಪೈಪಿನ ನಡುವೆ ಒಂದು ಇಂಚಿನ ತುಂಡು ಕೂಡಿಸಿದರೆ ಸ್ಪ್ರಿಂಕ್ಲರಿಗೆ ನೀರು ಎಷ್ಟು ಬಂದೀತು? ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದ 1200 ವೈಫೈಯ ಲೆಕ್ಕ; ಅಂಥ ರೂಟರುಗಳಲ್ಲೂ 100ರ ಪೋರ್ಟು ಇರುವುದುಂಟು. '10/100/1000' ಅಥವಾ 'ಗಿಗಾಬಿಟ್' ಎಂದು ಬರೆದಿದೆಯೇ ಎಂದು ನೋಡಿಯೇ ಕೊಳ್ಳಬೇಕು.

ಹಾಗಾದರೆ ಯಾವುದು ಬೇಕು? ಪ್ಲಾನು 100ರ ಒಳಗಿದ್ದರೆ ಇರುವ ರೂಟರನ್ನು ಬದಲಿಸುವ ಅಗತ್ಯವಿಲ್ಲ. ಅದಕ್ಕೆ ಮೀರಿದ್ದರೆ, ಅಥವಾ ಹೊಸದನ್ನೇ ಕೊಳ್ಳುವುದಾದರೆ, ಗಿಗಾಬಿಟ್ ತಕ್ಕದ್ದು. ಪ್ಲಾನು 1000ವನ್ನು ದಾಟದ ಹೊರತು 2500ರದ್ದಕ್ಕೆ ಹೆಚ್ಚು ಹಣ ಹಾಕುವುದು ಸಣ್ಣ ಬೆಳೆಗಾರರಿಗೆ ವ್ಯರ್ಥ. ಕಣಕ್ಕೂ ಗೋಡೌನಿಗೂ ಹಾಕುವ ಸಾಧಾರಣ ಕ್ಯಾಮರಾ ಒಂದಕ್ಕೆ 4 ಮೆಗಾಬಿಟ್ ಎಂದು ಹಿಡಿದರೂ ಎಂಟು ಕ್ಯಾಮರಾಗಳಿಗೆ 32 ಆಯಿತು. ಅದಕ್ಕೆ 100ರ ಪೋರ್ಟೇ ಸಾಕು.

ತಂತಿಯ ವಿಚಾರವನ್ನೂ ಮರೆಯಬಾರದು. 100ರ ವೇಗಕ್ಕೆ ಎರಡು ಜೊತೆ ಎಳೆ ಸಾಕು. ಗಿಗಾಬಿಟ್ಟಿಗೆ ನಾಲ್ಕೂ ಜೊತೆ ಬೇಕು. ಇಲಿ ಒಂದೆಳೆ ಕಡಿದರೂ ವೇಗ ಸದ್ದಿಲ್ಲದೆ 100ಕ್ಕೆ ಇಳಿಯಬಹುದು. ಆದುದರಿಂದ ಮೊದಲು ತಂತಿ ಬದಲಿಸಿ, ಕಂಪ್ಯೂಟರಿನ ನೆಟ್‌ವರ್ಕ್ ವಿವರದಲ್ಲಿ 'ಲಿಂಕ್ ಸ್ಪೀಡ್' 100 ಇದೆಯೋ 1000 ಇದೆಯೋ ನೋಡಿರಿ. ತಂತಿ 'ಕ್ಯಾಟ್ 5ಇ' ಅಥವಾ ಮೇಲಿನದಾಗಿರಲಿ, ಪೂರ್ತಿ ತಾಮ್ರದ್ದಾಗಿರಲಿ, 100 ಮೀಟರು ಮೀರದಿರಲಿ. ಅಲ್ಯೂಮಿನಿಯಮ್ಮಿಗೆ ತಾಮ್ರ ಲೇಪಿಸಿದ ಅಗ್ಗದ ತಂತಿ ಮಾನಕಕ್ಕೆ ಒಪ್ಪುವುದಲ್ಲ.

ಮನೆಯಿಂದ ಗೋಡೌನಿಗೆ ಬಯಲಲ್ಲಿ ತಾಮ್ರದ ತಂತಿ ಎಳೆದರೆ ಮುಂಗಾರಿನ ಮೊದಲ ಸಿಡಿಲಿಗೇ ಎರಡೂ ಕಡೆಯ ಉಪಕರಣಗಳು ಸುಟ್ಟಾವು. ಅಲ್ಲಿಗೆ ಲೋಹದ ಎಳೆಯಿಲ್ಲದ ಫೈಬರನ್ನೇ ಹಾಕಿಸತಕ್ಕದ್ದು. ದುಬಾರಿ ಪೋರ್ಟಿಗೆ ಕೊಡುವ ಹಣವನ್ನು ಇದಕ್ಕೆ ವಿನಿಯೋಗಿಸಿದರೆ ಸಾರ್ಥಕ.