ಹತ್ತಿ ಎಲೆಗೆ ಚುಚ್ಚುವ ಸೂಜಿ

ಚಚಡಿ, ಬೈಲಹೊಂಗಲ ಸುತ್ತಿನ ಎರೆಹೊಲಗಳಲ್ಲಿ ಮಳೆ ಬಿಡದೆ ಹಿಡಿದ ವರ್ಷ ಹತ್ತಿಯ ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿ. ನರಗಳ ನಡುವೆ ನೀರು ನೆನೆದಂಥ ಚುಕ್ಕೆಗಳು. ನರ ದಾಟಲಾಗದೆ ಅವು ಮೂಲೆ ಮೂಲೆಯಾಗಿ ಬೆಳೆದು ಕಂದಾಗುತ್ತವೆ. ದಂಟಿಗೆ ಇಳಿದರೆ ಕೊಂಬೆ ಕಪ್ಪಾಗಿ ಮುರಿಯುತ್ತದೆ, ಕಾಯಿಗೆ ತಗುಲಿದರೆ ಅರಳೆ ಕೆಡುತ್ತದೆ. ಇದು ದುಂಡಾಣು ಅಂಗಮಾರಿ ರೋಗ.

ಇದನ್ನು ತರುವ ಕ್ಸಾಂಥೋಮೊನಾಸ್ ಎಂಬ ಬ್ಯಾಕ್ಟೀರಿಯಾ ಮಳೆಹನಿಯ ಜೊತೆ ಪತ್ರರಂಧ್ರದೊಳಗೆ ಹೋಗಿ ಜೀವಕೋಶಗಳ ನಡುವಿನ ಸಂದಿಯಲ್ಲಿ ಕೂರುತ್ತದೆ. ಕೋಶದ ಒಳಗೆ ಅದು ಕಾಲಿಡುವುದೇ ಇಲ್ಲ. ತನ್ನ ಪ್ರೋಟೀನುಗಳನ್ನಷ್ಟೇ ಕಳಿಸುತ್ತದೆ. ಕಳಿಸುವುದು ಸುಲಭವಲ್ಲ. ಈ ಬ್ಯಾಕ್ಟೀರಿಯಾಕ್ಕೆ ಎರಡು ಪೊರೆಗಳಿವೆ, ಪ್ರೋಟೀನಿನಂಥ ದೊಡ್ಡ ಅಣು ತಾನಾಗಿ ಅವುಗಳಲ್ಲಿ ನುಸುಳದು. ಕೆಲವು ಪ್ರೋಟೀನುಗಳ ತುದಿಯಲ್ಲಿ ವಿಳಾಸದಂಥ ಒಂದು ಗುರುತು ಇರುತ್ತದೆ. ಅದನ್ನು ಕಂಡು ಒಳಪೊರೆಯ 'ಸೆಕ್' ಬಾಗಿಲು ತೆರೆಯುತ್ತದೆ, ಹೊರಪೊರೆಯ ಇನ್ನೊಂದು ಯಂತ್ರ ಅವನ್ನು ಆಚೆ ತಳ್ಳುತ್ತದೆ. ಪ್ರಾಣಿಕೋಶಗಳಲ್ಲಿ ಇಂಥದೇ ಗುರುತನ್ನು ತೋರಿಸಿದ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಬಂತು. ಹೀಗೆ ಬ್ಯಾಕ್ಟೀರಿಯಾದಿಂದ ಹೊರಬಂದ ಕಿಣ್ವಗಳು ಎಲೆಯ ಕೋಶಭಿತ್ತಿಯನ್ನು ಸಡಿಲಿಸುತ್ತವೆ.

ನಿಜವಾದ ಅಪಾಯ 'ಮೂರನೆಯ ಬಗೆ' ಎಂದು ಕರೆಯುವ ಇನ್ನೊಂದು ಯಂತ್ರದ್ದು. 20ಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳು ಸೇರಿ ಕಟ್ಟಿದ ಈ ಟೊಳ್ಳು ಸೂಜಿ ಎರಡೂ ಪೊರೆಗಳನ್ನು ದಾಟಿ ಹತ್ತಿಯ ಕೋಶವನ್ನು ಮುಟ್ಟುತ್ತದೆ. ಮಡಚಿಕೊಂಡ ಪ್ರೋಟೀನು ಬಿಚ್ಚಿ ದಾರವಾಗಿ ಅದರಲ್ಲಿ ಹಾಯುತ್ತದೆ. ಹಾಗೆ ಒಳಹೊಕ್ಕ ಒಂದು ಪ್ರೋಟೀನು ಹತ್ತಿಯ ಕೋಶಕೇಂದ್ರಕ್ಕೇ ಹೋಗಿ, ಸಕ್ಕರೆ ಸಾಗಿಸುವ ವಂಶವಾಹಿಯೊಂದನ್ನು ಚಾಲೂ ಮಾಡುತ್ತದೆಂದು 2017ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಗಿಡ ತನ್ನ ಸಕ್ಕರೆಯನ್ನು ತಾನೇ ಸಂದಿಗೆ ಸುರಿಯುತ್ತದೆ. ರೋಗಾಣುವೊಂದು ಗಿಡದ ಆಡಳಿತವನ್ನೇ ಕೈಗೆ ತೆಗೆದುಕೊಳ್ಳುವ ಈ ಪರಿ ನನ್ನನ್ನು ಬೆಚ್ಚಿಬೀಳಿಸುತ್ತದೆ.

ಎಲ್ಲ ಹತ್ತಿಯೂ ಹೀಗೆ ಸೋಲುವುದಿಲ್ಲ. 1840ರ ದಶಕದಲ್ಲಿ ಧಾರವಾಡ ಸೀಮೆಗೆ ಅಮೆರಿಕನ್ ಹತ್ತಿ ಬರುವ ಮೊದಲು ಇಲ್ಲಿ ಬೆಳೆಯುತ್ತಿದ್ದುದು ದೇಶಿ ಹತ್ತಿ. ಜಯಧರ ತಳಿ ಅದೇ ಕುಲದ್ದು. ದೇಶಿ ಹತ್ತಿಗೆ ಈ ರೋಗ ಅಷ್ಟಾಗಿ ತಗಲದು. ಹೊಕ್ಕ ಪ್ರೋಟೀನನ್ನು ಗುರುತಿಸುವ ಗಿಡ ಆ ಜಾಗದ ಕೋಶಗಳನ್ನು ತಾನೇ ಕೊಂದು ರೋಗವನ್ನು ಅಲ್ಲೇ ಕಟ್ಟಿಹಾಕುತ್ತದೆ. 1940ರ ದಶಕದಲ್ಲಿ ಸೂಡಾನಿನಲ್ಲಿ ಆರ್.ಎಲ್. ನೈಟ್ ದೇಶಿ ಹತ್ತಿಯ ನಿರೋಧಕ ಗುಣವನ್ನೇ ಉದ್ದೆಳೆಯ ಹತ್ತಿಗೆ ಸೇರಿಸಿದ್ದರು.

ಸೋಂಕು ಬೀಜದಲ್ಲೂ ಹಳೆಯ ಕಸದಲ್ಲೂ ಉಳಿಯುತ್ತದೆ. ಆಮ್ಲದಿಂದ ನವಿರು ತೆಗೆದ ಬೀಜ ಬಿತ್ತಿ, ರೋಗದ ಕಟ್ಟಿಗೆಯನ್ನು ಹೊಲದಲ್ಲಿ ಉಳಿಸಬೇಡಿ. ಮನೆಯಲ್ಲಿ ಜಯಧರದ ಬೀಜವಿದ್ದರೆ ಒಂದು ಸಾಲಾದರೂ ಬಿತ್ತಿ ಉಳಿಸಿಕೊಳ್ಳಿ.