ಉಪವಾಸ ಮತ್ತು ಮತಪೆಟ್ಟಿಗೆ

ಲೋಕನಾಯಕರನ್ನು ಸಂದೇಹದಿಂದ ನೋಡುವುದು ಕಲ್ಯಾಣದ ನೆಲಕ್ಕೆ ಹೊಸದಲ್ಲ. ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಬಸವಣ್ಣನವರು ಅರಸನ ಹೊನ್ನನ್ನು ಜಂಗಮರಿಗೆ ಸುರಿದು ಬರಿದು ಮಾಡುತ್ತಿದ್ದಾರೆಂದು ಕೊಂಡೆಗಾರರು ದೂರಿತ್ತ ಕಥೆ ಯಾರಿಗೆ ತಿಳಿಯದು? 1369ರಲ್ಲಿ ಭೀಮಕವಿಯು ಮುಗಿಸಿದ ‘ಬಸವಪುರಾಣ’ದಂತಹ ಕಾವ್ಯಗಳು ಈ ಪ್ರಸಂಗವನ್ನು ಭಕ್ತಿಯಿಂದ ಬಣ್ಣಿಸಿವೆ. ಅರಸನು ಭಂಡಾರವನ್ನು ತೆರೆಯಿಸಿ ನೋಡಿದಾಗ ಹಣವು ಲೆಕ್ಕಕ್ಕೆ ಸರಿಯಾಗಿಯೇ ಇದ್ದಿತು. ಪವಾಡದ ಅಂಶವನ್ನು ನಂಬುವುದು ಬಿಡುವುದು ಅವರವರ ಶ್ರದ್ಧೆಗೆ ಸೇರಿದ ಮಾತು. ಆದರೆ ಕಥೆಯೊಳಗಿನ ನ್ಯಾಯವನ್ನು ಯಾರಾದರೂ ಒಪ್ಪಬಹುದು. ಸಂದೇಹವು ಹುಟ್ಟಿತು, ಬಾಗಿಲು ತೆರೆಯಿತು, ಎಣಿಕೆ ನಡೆಯಿತು. ಎಣಿಕೆ ಮುಗಿದ ಮೇಲೆ ಸಂದೇಹವೂ ಮುಗಿಯಿತು.

ನಮ್ಮ ಕಾಲದ ಸಂದೇಹಕ್ಕೆ ಇಂತಹ ಮುಕ್ತಾಯವಿಲ್ಲ. ಹೋರಾಟಗಾರನೊಬ್ಬನು ಸೆರೆಮನೆಯೊಳಗೆ ಅನ್ನವನ್ನು ತೊರೆದು ಕುಳಿತನೆಂಬ ಸುದ್ದಿ ಬರುತ್ತದೆ. ಕೆಲವು ತಿಂಗಳ ಮೇಲೆ ಅವನೇ ಚುನಾವಣೆಗೆ ನಿಲ್ಲುವನೆಂಬ ಇನ್ನೊಂದು ಸುದ್ದಿ ಬರುತ್ತದೆ. ಹುಮನಾಬಾದಿನ ಚಹದಂಗಡಿಯಾಗಲಿ, ನಿರ್ಣಾದಂತಹ ಊರಿನ ಅಗಸಿಯ ಕಟ್ಟೆಯಾಗಲಿ, ಇಂತಹ ಸುದ್ದಿಗೆ ಸಿದ್ಧವಾಗಿರುವ ಉತ್ತರ ಒಂದೇ: “ಇದೆಲ್ಲಾ ಕುರ್ಚಿಗಾಗಿಯೇ ಅಲ್ಲವೆ?” ಈ ಮಾತು ಅಷ್ಟು ಬೇಗನೆ ನಾಲಗೆಗೆ ಬರುತ್ತದೆಂಬ ಕಾರಣಕ್ಕಾಗಿಯೇ ಅದನ್ನು ಸ್ವಲ್ಪ ನಿಧಾನಿಸಿ ನೋಡಬೇಕಾಗಿದೆ.

ಸೆರೆಮನೆಯ ಉಪವಾಸವು ಎಂದೂ ಸಂದೇಹದಿಂದ ಪಾರಾದುದಿಲ್ಲ. 1932ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಯೆರವಡಾ ಸೆರೆಮನೆಯಲ್ಲಿ ಉಪವಾಸ ಕೈಕೊಂಡಾಗ, ಅದರ ಭಾರವು ದಲಿತರ ರಾಜಕೀಯ ಹಕ್ಕಿನ ಮೇಲೆಯೇ ಬೀಳುವುದೆಂದು ಅಂಬೇಡ್ಕರರು ಕಟುವಾಗಿ ಆಕ್ಷೇಪಿಸಿದರು. 1943ರ ಫೆಬ್ರವರಿಯಲ್ಲಿ ಆಗಾಖಾನ್ ಅರಮನೆಯ ಬಂಧನದಲ್ಲಿ ಅವರು ಇಪ್ಪತ್ತೊಂದು ದಿನಗಳ ಉಪವಾಸ ಹೂಡಿದಾಗ, ವೈಸರಾಯ್ ಲಿನ್‌ಲಿತ್‌ಗೋ ಅದನ್ನು ರಾಜಕೀಯ ಬೆದರಿಕೆಯ ವ್ಯಾಪಾರವೆಂದು ಹಳಿದನು. ಈ ಎರಡು ಆಕ್ಷೇಪಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಒಂದು, ತನ್ನ ಜನರ ಹಕ್ಕಿಗಾಗಿ ನಿಂತವನ ತರ್ಕ. ಇನ್ನೊಂದು, ಬೀಗದ ಕೈ ಹಿಡಿದ ಪ್ರಭುವಿನ ಅಸಹನೆ. ಸಂದೇಹಪಡುವವನು ಯಾವ ನೆಲೆಯಲ್ಲಿ ನಿಂತು ಸಂದೇಹಪಡುತ್ತಾನೆಂಬುದೂ ವಿಚಾರಣೆಯ ಒಂದು ಭಾಗ. 1929ರಲ್ಲಿ ಲಾಹೋರಿನ ಸೆರೆಯಲ್ಲಿ ಅರವತ್ತಮೂರು ದಿನ ಉಪವಾಸವಿದ್ದು ಮಡಿದ ಜತೀಂದ್ರನಾಥ ದಾಸನನ್ನು ಮಾತ್ರ ಯಾರೂ ಸಂದೇಹಿಸಲಿಲ್ಲ. ಸತ್ತವನು ಮತ ಕೇಳಲು ಬರುವುದಿಲ್ಲವಷ್ಟೆ!

ಬದುಕಿ ಬಂದವರ ಪಾಡು ಬೇರೆ. ಇದನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ನಿಜಾಮನ ಹೈದರಾಬಾದು ಸಂಸ್ಥಾನದಲ್ಲಿ ಸ್ಟೇಟ್ ಕಾಂಗ್ರೆಸ್ಸು ಕಣ್ಣು ಬಿಡುವ ಮೊದಲೇ, 1938ರಲ್ಲಿ, ನಿಷೇಧಕ್ಕೆ ಗುರಿಯಾಯಿತು. ಅಕ್ಟೋಬರಿನಲ್ಲಿ ಸತ್ಯಾಗ್ರಹ ಆರಂಭವಾಯಿತು. ಆಗ ಸೆರೆಗೆ ನಡೆದವರಲ್ಲಿ ಸ್ವಾಮಿ ರಮಾನಂದ ತೀರ್ಥರೂ ಒಬ್ಬರು. ಹಿಪ್ಪರಗಾ ಗ್ರಾಮದ ರಾಷ್ಟ್ರೀಯ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದು ಸಂನ್ಯಾಸ ಸ್ವೀಕರಿಸಿದ್ದ ಅವರ ಮೇಲೆ ಸಂದೇಹಗಳಿಗೆ ಕೊರತೆಯಿರಲಿಲ್ಲ. ಅದೇ ವೇಳೆಯಲ್ಲಿ ಆರ್ಯಸಮಾಜ, ಹಿಂದೂ ಮಹಾಸಭೆಗಳೂ ಬೇರೆ ಬೇರೆಯಾಗಿ ಸತ್ಯಾಗ್ರಹ ನಡೆಸುತ್ತಿದ್ದುದರಿಂದ ಎಲ್ಲವೂ ಒಂದೇ ಮತೀಯ ಚಳವಳಿಯೆಂದು ಹೇಳುವುದು ಸರ್ಕಾರಕ್ಕೆ ಸುಲಭವಾಯಿತು. ಕೊನೆಗೆ ಡಿಸೆಂಬರಿನಲ್ಲಿ ಗಾಂಧೀಜಿಯವರ ಸಲಹೆಯಂತೆಯೇ ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹ ನಿಂತಿತು. ಒಳಗಿದ್ದವರು ಒಳಗೇ ಉಳಿದರು. ಹೊರಗಿನ ಹೋರಾಟವು ನಿಂತ ಮೇಲೆ ಸೆರೆಮನೆಯಲ್ಲಿ ಕಳೆಯುವ ದಿನಗಳ ಭಾರವನ್ನು ಅನುಭವಿಸಿದವರೇ ಬಲ್ಲರು.

ಸ್ವಾಮೀಜಿಯವರು ಅಧಿಕಾರದ ಹಾದಿಯನ್ನು ಹೇಸಿ ದೂರ ಸರಿಯಲಿಲ್ಲ. 1947ರ ಆಗಸ್ಟಿನಲ್ಲಿ ಮತ್ತೆ ಬಂಧಿತರಾದರು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ವಿಲೀನವಾದ ಬಳಿಕ ಪಕ್ಷದೊಳಗಿನ ಗುಂಪುಗಾರಿಕೆಯಲ್ಲಿ ಒಂದು ಬಣದ ನಾಯಕರೂ ಆದರು. 1952ರಲ್ಲಿ ಬೂರ್ಗುಲ ರಾಮಕೃಷ್ಣರಾಯರು ಮುಖ್ಯಮಂತ್ರಿಯಾದರು; ಸ್ವಾಮೀಜಿ ಕಲಬುರ್ಗಿಯಿಂದ ಲೋಕಸಭೆಗೆ ಹೋದರು, 1957ರಲ್ಲಿ ಔರಂಗಾಬಾದಿನಿಂದ ಮತ್ತೊಮ್ಮೆ. ಕಾವಿಯುಟ್ಟವರಿಗೆ ಮತಪೆಟ್ಟಿಗೆಯೇಕೆ ಎಂದು ಕೇಳುವವರಿಗೆ ಇಲ್ಲಿ ಎಡೆ ಇದ್ದೇ ಇದೆ. ಆದರೆ ಆ ಪ್ರಶ್ನೆಗೆ ಉತ್ತರ ದೊರೆಯುವುದು ಅವರ ಸೆರೆವಾಸದಲ್ಲಲ್ಲ, ಸೆರೆಯಿಂದ ಬಂದ ಮೇಲಿನ ನಡೆಯಲ್ಲಿ. ತಾವು ನಾಯಕರಾಗಿದ್ದ ಹೈದರಾಬಾದು ರಾಜ್ಯವನ್ನು ಭಾಷೆಗನುಸಾರವಾಗಿ ಒಡೆಯಬೇಕೆಂದು ವಾದಿಸಿದವರಲ್ಲಿ ಅವರೇ ಮುಂದಿದ್ದರು. 1956ರ ನವೆಂಬರ್ 1ರಂದು ಆ ರಾಜ್ಯವೇ ಇಲ್ಲವಾಯಿತು. ಬೀದರಿನ ಉದ್ಗೀರ, ನಿಲಂಗಾ ಸೀಮೆಗಳು ಮುಂಬಯಿಗೆ ಹೋದವು, ಹುಮನಾಬಾದಿನ ಸೀಮೆ ಮೈಸೂರಿಗೆ ಬಂದಿತು. ತಾನು ಆಳಬಹುದಾಗಿದ್ದ ನೆಲವನ್ನು ತಾನೇ ಹಂಚಿಕೊಡಲು ಒಪ್ಪಿದವನ ಆಸೆ ಯಾವ ಬಗೆಯದೆಂಬುದನ್ನು ಓದುಗರೇ ತೂಗಬಹುದು.

ಇದಕ್ಕೆ ಪ್ರತಿಯಾಗಿ ನಮ್ಮ ದಿನಗಳ ಒಂದು ಚರಿತ್ರೆಯನ್ನು ಇಡಬೇಕೆನಿಸುತ್ತದೆ. ಅದು ಮಣಿಪುರದ್ದು, ಆದರೂ ಅದರ ನಾಯಕಿ ಮುಂದೆ ಬೆಂಗಳೂರಿಗೆ ಬಂದು, 2019ರಲ್ಲಿ ಅಲ್ಲಿಯೇ ಅವಳಿ ಹೆಣ್ಣುಮಕ್ಕಳ ತಾಯಿಯಾದ ಕಾರಣ ಕನ್ನಡಿಗರಿಗೆ ಪೂರ್ಣ ಪರಕೀಯವಲ್ಲ. 2000ದ ನವೆಂಬರಿನಲ್ಲಿ ಮಾಲೋಮ್ ಎಂಬಲ್ಲಿ ಹತ್ತು ಮಂದಿ ನಾಗರಿಕರು ಗುಂಡಿಗೆ ಬಲಿಯಾದಾಗ, ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯಿದೆಯನ್ನು ತೆಗೆದುಹಾಕುವವರೆಗೂ ಅನ್ನ ಮುಟ್ಟುವುದಿಲ್ಲವೆಂದು ಇರೋಮ್ ಶರ್ಮಿಳಾ ನಿರ್ಧರಿಸಿದರು. ಆತ್ಮಹತ್ಯೆಯ ಪ್ರಯತ್ನವೆಂಬ ಆರೋಪದ ಮೇಲೆ ಅವರನ್ನು ಬಂಧಿಸಲಾಯಿತು. ಆ ಅಪರಾಧಕ್ಕೆ ಒಂದು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯಿಲ್ಲವಾದುದರಿಂದ ವರ್ಷಕ್ಕೊಮ್ಮೆ ಬಿಡುವುದು, ಉಪವಾಸ ಮುಂದುವರಿಯಿತೆಂದು ಮತ್ತೆ ಹಿಡಿಯುವುದು! ಇಂಫಾಲದ ಆಸ್ಪತ್ರೆಯ ಕೋಣೆಯೇ ಸೆರೆಮನೆಯಾಯಿತು. ಮೂಗಿನ ನಳಿಕೆಯಿಂದ ಇಳಿಯುವ ದ್ರವಾಹಾರದಿಂದ ಅವರು ಹದಿನಾರು ವರ್ಷ ಜೀವ ಹಿಡಿದರು. ಜನರು ಅವರನ್ನು ಉಕ್ಕಿನ ಮಹಿಳೆಯೆಂದು ಕೊಂಡಾಡಿದರು.

2016ರ ಆಗಸ್ಟ್ 9ರಂದು ಅವರು ಒಂದು ಹನಿ ಜೇನನ್ನು ನಾಲಗೆಗಿಟ್ಟು ವ್ರತವನ್ನು ಮುಗಿಸಿದರು. ರಾಜಕೀಯಕ್ಕೆ ಇಳಿದು ಕಾಯಿದೆಯನ್ನು ತೆಗೆಸುವೆನೆಂದರು. ಮದುವೆಯಾಗುವ ಇಚ್ಛೆಯನ್ನೂ ಮುಚ್ಚಿಡಲಿಲ್ಲ. ಅಂದಿನಿಂದಲೇ ಗಾಳಿ ಬೇರೆ ಕಡೆಗೆ ಬೀಸಿತು. ಭೂಗತ ಸಂಘಟನೆಯೊಂದು ಎಚ್ಚರಿಕೆ ಕೊಟ್ಟಿತು. ಬಿಡುಗಡೆಯಾದ ರಾತ್ರಿ ತಂಗಲು ನೆರೆಹೊರೆಯವರು ಎಡೆಗೊಡದೆ ಅವರು ಮತ್ತೆ ಅದೇ ಆಸ್ಪತ್ರೆಗೆ ಮರಳಬೇಕಾಯಿತು. 2017ರ ಚುನಾವಣೆಯಲ್ಲಿ ಸೈಕಲ್ಲೇರಿ ಮತ ಯಾಚಿಸಿದ ಅವರು ಥೌಬಾಲ್ ಕ್ಷೇತ್ರದಲ್ಲಿ ಮುಖ್ಯಮಂತ್ರಿ ಇಬೋಬಿ ಸಿಂಗರ ಎದುರು ನಿಂತರು. ದೊರೆತ ಮತಗಳು 90. ಯಾವ ಅಭ್ಯರ್ಥಿಯೂ ಬೇಡವೆಂಬ ಗುಂಡಿಯನ್ನು ಒತ್ತಿದವರೇ 143 ಮಂದಿ.

ಇದರಲ್ಲಿ ಮತದಾರನದು ತಪ್ಪೆಂದು ನಾವು ಹೇಳುವುದಿಲ್ಲ. ಹದಿನಾರು ವರ್ಷದ ತಪಸ್ಸು ರಸ್ತೆ, ನೀರು, ಶಾಲೆಗಳನ್ನು ನಡೆಸಬಲ್ಲ ಚಾತುರ್ಯಕ್ಕೆ ಪ್ರಮಾಣಪತ್ರವಾಗದು. ಮೂವರೇ ಅಭ್ಯರ್ಥಿಗಳನ್ನು ನಿಲ್ಲಿಸಿದ ಹೊಸ ಪಕ್ಷವು ಏನನ್ನು ತಾನೇ ಸಾಧಿಸೀತೆಂದು ಯೋಚಿಸಿದವನು ಕೃತಘ್ನನಲ್ಲ. ಗೌರವ ಒಂದು, ಮತ ಇನ್ನೊಂದು. ಎರಡನ್ನೂ ಬೇರೆಯಾಗಿಡುವುದು ಪ್ರಜಾಪ್ರಭುತ್ವದ ವಿವೇಕವೇ ಸರಿ. ನೋಯಿಸುವುದು ಆ 90ರ ಅಂಕೆಯಲ್ಲ, ಅಂದು ರಾತ್ರಿ ಮುಚ್ಚಿಕೊಂಡ ಬಾಗಿಲು. ಅನ್ನ ಬಿಟ್ಟವಳನ್ನು ಪೂಜಿಸಿದವರು ಅನ್ನ ಉಂಡವಳನ್ನು ಕ್ಷಮಿಸಲಿಲ್ಲ. ಒಬ್ಬಳು ನಮ್ಮೆಲ್ಲರ ಪರವಾಗಿ ಹಸಿದಿರುವವರೆಗೆ ನಾವು ನೆಮ್ಮದಿಯಾಗಿ ಉಣ್ಣಬಹುದು. ಅವಳು ಎದ್ದು ಬಂದರೆ ಆ ಕೆಲಸವು ನಮ್ಮ ಹೆಗಲಿಗೆ ಬೀಳುತ್ತದೆ. ಸಂದೇಹವೆಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ಈ ಮುಜುಗರದ್ದೋ!

ಸೆರೆವಾಸದ ಸತ್ಯವನ್ನೇ ಅಲ್ಲಗಳೆಯುವ ಸಂದೇಹವೂ ಉಂಟು. 1942ರ ಚಳವಳಿಯಲ್ಲಿಯೂ 1975ರ ತುರ್ತುಪರಿಸ್ಥಿತಿಯಲ್ಲಿಯೂ ಸೆರೆ ಕಂಡಿದ್ದ ಎಚ್. ಎಸ್. ದೊರೆಸ್ವಾಮಿಯವರನ್ನು, ಅವರ ನೂರೊಂದನೆಯ ವಯಸ್ಸಿನಲ್ಲಿ, 2020ರ ಫೆಬ್ರವರಿಯಲ್ಲಿ ಶಾಸಕರೊಬ್ಬರು ನಕಲಿ ಸ್ವಾತಂತ್ರ್ಯ ಹೋರಾಟಗಾರರೆಂದು ಕರೆದರು. ಸೆರೆಮನೆಯ ದಾಖಲೆ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಭಂಡಾರ ತೆರೆದು ಎಣಿಸಿದಂತಾಯಿತು. ಆದರೆ ಎಣಿಕೆಯ ಬಳಿಕವೂ ಮಾತನ್ನು ಹಿಂದೆಗೆಯದ ಸಂದೇಹಕ್ಕೆ ಸಂದೇಹವೆಂಬ ಹೆಸರು ಸಲ್ಲದು.

ಕಾನೂನೂ ಈ ವಿಚಾರದಲ್ಲಿ ತನ್ನ ಪಕ್ಷವನ್ನು ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಪ್ರಯತ್ನವೆಂಬ ಹಳೆಯ ಸಾಮಾನ್ಯ ಅಪರಾಧವಿಲ್ಲ. ಆದರೆ ಸರ್ಕಾರಿ ಅಧಿಕಾರಿಯನ್ನು ಅವನ ಕರ್ತವ್ಯದ ವಿಷಯದಲ್ಲಿ ಒತ್ತಾಯಿಸುವ ಇಲ್ಲವೆ ತಡೆಯುವ ಉದ್ದೇಶದಿಂದ ಅಂತಹ ಪ್ರಯತ್ನ ಮಾಡಿದರೆ 226ನೆಯ ಕಲಮಿನಂತೆ ಒಂದು ವರ್ಷದವರೆಗೆ ಸಜೆಯುಂಟು. ದುಃಖದಿಂದ ಸಾಯಹೊರಟವನಿಗೆ ಕರುಣೆ, ಕೇಳಿಕೆಯೊಂದನ್ನು ಮುಂದಿಟ್ಟು ಹಸಿದವನ ಮೇಲೆ ಗುಮಾನಿ! ಈ ಭೇದವು ನ್ಯಾಯಶಾಸ್ತ್ರದ ವಿದ್ಯಾರ್ಥಿಗಳು ಚರ್ಚಿಸತಕ್ಕದ್ದಾಗಿದೆ.

ಹಾಗಾದರೆ ಕಟ್ಟೆಯ ಮೇಲಿನ ಪ್ರಶ್ನೆಯನ್ನು ಕೇಳಲೇಬಾರದೆ? ಕೇಳಬೇಕು, ಆದರೆ ಬಿಡಿಸಿ ಕೇಳಬೇಕು. ಅವನು ಪಟ್ಟ ಕಷ್ಟ ನಿಜವೆ? ಇದಕ್ಕೆ ದಾಖಲೆಯಿದೆ. ಅವನು ಆಳಲು ಯೋಗ್ಯನೆ? ಇದಕ್ಕೆ ಅವನ ನಡೆಯೂ ನಮ್ಮ ಮತವೂ ಇವೆ. ಕುರ್ಚಿಯನ್ನು ಬಯಸಿದನಾದ್ದರಿಂದ ಹಸಿವೆಯೇ ಸುಳ್ಳೆ? ಇದು ಪ್ರಶ್ನೆಯೇ ಅಲ್ಲ. ಸೆರೆಯಿಂದ ಬಂದವನಿಗೆ ಮತ ಕೊಡದಿರುವ ಸ್ವಾತಂತ್ರ್ಯ ನಮಗಿದೆ; ಹಾಗೆಯೇ ಮತ ಕೇಳುವ, ಸೋಲುವ, ಸೋತು ಮನೆಗೆ ಹೋಗಿ ಎಲ್ಲರಂತೆ ಉಂಡು ಬಾಳುವ ಸ್ವಾತಂತ್ರ್ಯ ಅವನಿಗೂ ಇದೆ.